ನಡುವ ತಪ್ಪಿದ್ರ ಯಾರನ್ನ ಕೇಳೂದು?

ನಮ್ಮ ಹಾಸ್ಟೆಲ್ ರೂಮಿನಲ್ಲಿ ಇರೋದು ಮೂವರು, ಲೆಕ್ಕಕ್ಕೆ ಮಾತ್ರ ನಾಲ್ವರು. ಒಬ್ಬ ಇಳಕಲ್‌ನವ, ಒಬ್ಬ ಹುನಗುಂದದವ, ಒಬ್ಬ ಬಾದಾಮಿಯವ. ನಾಲ್ಕನೆಯವನ ಮನೆ ಇಲ್ಲೇ ಬಾಗಲಕೋಟೆಯ ನವನಗರದಲ್ಲಿ. ಊಟಕ್ಕೆ ಮನೆಗೆ ಹೋಗ್ತಾನೆ, ಉಳಿದ ಹೊತ್ತೆಲ್ಲ ನಮ್ಮ ರೂಮಲ್ಲೇ. ಕೆಳಗೆ ಬರೆದದ್ದು ನಾಲ್ವರ ಅಭಿಪ್ರಾಯ. ಜಗಳ ಆಡಿಯೇ ಒಪ್ಪಿಕೊಂಡದ್ದು.

ಕಳೆದ ಸೆಮಿಸ್ಟರ್‌ನ ಒಂದು ಭಾನುವಾರ ರಾತ್ರಿ ಈ ರೂಮು ಟ್ರಾವೆಲ್ ಏಜೆನ್ಸಿ ಆಗಿತ್ತು. ಇಳಕಲ್‌ನವನ ಅಕ್ಕ ಜರ್ಮನಿಯ ಕೊಲೋನ್‌ನಲ್ಲಿ ಮಾಸ್ಟರ್ಸ್ ಮಾಡ್ತಿದ್ದಾರೆ. ಅವರಿಗೆ ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ ಮೂರು ತಿಂಗಳ ರಿಸರ್ಚ್ ಪ್ರಾಜೆಕ್ಟ್ ಸಿಕ್ಕಿತ್ತು. ಏಮ್ಸ್ ಅಂದ್ರೆ ಅಯೋವಾ ಸ್ಟೇಟ್ ಯೂನಿವರ್ಸಿಟಿ ಇರುವ ಊರು. 1937ರಿಂದ 1942ರ ನಡುವೆ ಅಟನಾಸಾಫ್ ಮತ್ತು ಬೆರಿ ಸೇರಿ ಎಲೆಕ್ಟ್ರಾನಿಕ್ ಡಿಜಿಟಲ್ ಕಂಪ್ಯೂಟರ್ ಕಟ್ಟಿದ್ದು ಅಲ್ಲೇ. ಹೆಸರು ದೊಡ್ಡದು, ಊರು ಸಣ್ಣದು. ಅಲ್ಲಿಗೆ ದಿನನಿತ್ಯದ ಪ್ಯಾಸೆಂಜರ್ ವಿಮಾನ ಇಲ್ಲ. ಹತ್ತಿರದ ಡೆಮೊಯ್ನ್‌ನಲ್ಲಿ ಇಳಿದು, ರಸ್ತೆಯಲ್ಲಿ ಹೋಗಬೇಕು. ಆ ಡೆಮೊಯ್ನ್‌ಗೂ ಯುರೋಪಿನಿಂದ ನೇರ ವಿಮಾನ ಇಲ್ಲ. ಚಿಕಾಗೋದಲ್ಲೋ ಮಿನಿಯಾಪೊಲಿಸ್‌ನಲ್ಲೋ ಡೆನ್ವರ್‌ನಲ್ಲೋ ಬದಲಿಸಲೇಬೇಕು.

ಇಳಕಲ್‌ನವನು ನಕ್ಕ: ‘ಇದ ನಮ್ಮೂರ ಕಥೀನ ಐತಲ್ಲೋ!’ ನಿಜ. ಇಳಕಲ್, ಹುನಗುಂದ ಎರಡಕ್ಕೂ ರೈಲಿಲ್ಲ. ಬಸ್ಸಿನಲ್ಲಿ ಬಾಗಲಕೋಟೆಗೆ ಬಂದು ರೈಲು ಹಿಡಿಯಬೇಕು. ವಿಮಾನ ಬೇಕಂದ್ರೆ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕು. ಬಾದಾಮಿಗೆ ರೈಲಿದೆ, ಆದರೆ ಸ್ಟೇಷನ್ ಊರಿಂದ ಸುಮಾರು 5 ಕಿ.ಮೀ. ಆಚೆ. ಕನೆಕ್ಷನ್ ಅನ್ನೋದು ನಮಗೆ ಹೊಸದಲ್ಲ, ಹುಟ್ಟಿನಿಂದ ಗೊತ್ತು.

ಅಕ್ಕನ ಮುಂದೆ ಎರಡು ಪ್ಲ್ಯಾನ್ ಇದ್ದವು. ಮೊದಲನೆಯದರಲ್ಲಿ ಮೂರು ಬೇರೆ ಬೇರೆ ಟಿಕೆಟ್: ಕೊಲೋನ್‌ನಿಂದ ಫ್ರಾಂಕ್‌ಫರ್ಟ್ ಏರ್‌ಪೋರ್ಟಿಗೆ ರೈಲು, ಅಲ್ಲಿಂದ ಚಿಕಾಗೋಗೆ ಒಂದು ಕಂಪನಿಯ ವಿಮಾನ, ಚಿಕಾಗೋದಿಂದ ಡೆಮೊಯ್ನ್‌ಗೆ ಇನ್ನೊಂದು ಕಂಪನಿಯ ವಿಮಾನ. ಚಿಕಾಗೋದಲ್ಲಿ ನಡುವೆ ಸಿಗುವ ಸಮಯ 1 ಗಂಟೆ 40 ನಿಮಿಷ. ಎರಡನೆಯದರಲ್ಲಿ ರೈಲು, ವಿಮಾನ, ವಿಮಾನ ಮೂರೂ ಒಂದೇ ಟಿಕೆಟ್‌ನಲ್ಲಿ, ಚಿಕಾಗೋದಲ್ಲಿ ಮೂರು ಗಂಟೆ ಕಾಲು. ಮೊದಲನೆಯದಕ್ಕೆ ಸುಮಾರು 140 ಯೂರೋ ಕಡಿಮೆ. ಸ್ಟೂಡೆಂಟ್‌ಗೆ 140 ಯೂರೋ ಅಂದ್ರೆ ಸಣ್ಣ ಮಾತಲ್ಲ. ನಾವು ನಾಲ್ವರೂ ‘ಫಸ್ಟ್ ಪ್ಲ್ಯಾನೇ ಬೆಸ್ಟ್ ಅಕ್ಕಾ, ಬೇಗನೂ ಮುಟ್ತೀರಿ’ ಅಂತ ವೋಟ್ ಹಾಕಿದ್ವಿ.

ಕಾಲ್‌ನಲ್ಲಿ ಇಳಕಲ್‌ನಿಂದ ಅವರ ಅವ್ವನೂ ಇದ್ದರು. ಅಷ್ಟೊತ್ತು ಸುಮ್ಮನೆ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ‘ಅಲ್ಲ, ನಡುವ ತಪ್ಪಿದ್ರ ಯಾರನ್ನ ಕೇಳೂದು?’

ನಮ್ಮಲ್ಲಿ ಯಾರ ಹತ್ರಾನೂ ಉತ್ತರ ಇರಲಿಲ್ಲ. ಅವರ ಮನೆಯಲ್ಲಿ ಮಗ್ಗ ಇದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಸೇರಿಸ್ತಾರೆ. ಆ ಕೊಂಡಿ ಬಿಚ್ಚಿಕೊಂಡ್ರೆ ಸೀರೆ ಕೊಂಡವರು ಯಾರನ್ನ ಹುಡುಕಿಕೊಂಡು ಬರ್ತಾರೆ ಅಂತ ನೇಯುವವರಿಗೆ ಚೆನ್ನಾಗಿ ಗೊತ್ತು. ನಮಗೆ ಹೊಳೆಯದ ಪ್ರಶ್ನೆ ಅವರಿಗೆ ಹೊಳೆದದ್ದು ಅದಕ್ಕೇ ಇರಬೇಕು.

ಆ ರಾತ್ರಿ ನಾವು ಕೂತು ಓದಿ ತಿಳಿದುಕೊಂಡದ್ದನ್ನ ಇಲ್ಲಿ ಹೇಳ್ತೀವಿ. ನಮ್ಮ ಕ್ಯಾಂಪಸ್‌ನಿಂದ ವರ್ಷಾವರ್ಷ ಎಂಎಸ್‌ಗೆ ಹೋಗುವವರು ಇದ್ದೇ ಇರ್ತಾರೆ, ಅವರಿಗೂ ಉಪಯೋಗಕ್ಕೆ ಬರಲಿ.

ಮೊದಲನೆಯದು, ಒಂದೇ ಟಿಕೆಟ್ ಅಂದ್ರೆ ಒಂದೇ ಬುಕಿಂಗ್. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಸೀಟು ಕೊಟ್ಟು ಊರು ಮುಟ್ಟಿಸುವ ಜವಾಬ್ದಾರಿ ಏರ್‌ಲೈನ್‌ನದ್ದು. ಬೇರೆ ಬೇರೆ ಟಿಕೆಟ್ ಆದ್ರೆ ಎರಡನೇ ಕಂಪನಿಯ ಕಣ್ಣಿಗೆ ನೀವು ಹೊತ್ತಿಗೆ ಬಾರದ ಪ್ರಯಾಣಿಕ, ಅಷ್ಟೇ. ದುಡ್ಡು ಹೋಯ್ತು, ಹೊಸ ಟಿಕೆಟ್ ಆ ಹೊತ್ತಿನ ರೇಟಿಗೆ ತಗೋಬೇಕು. ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಕೆಲವು ವೆಬ್‌ಸೈಟುಗಳು ಎರಡು ಬೇರೆ ಟಿಕೆಟ್‌ಗಳನ್ನ ಒಂದೇ ಪೇಮೆಂಟ್‌ನಲ್ಲಿ ಮಾರುತ್ತವೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಬರೆದಿರುತ್ತೆ. ಒಂದು ಸಲ ದುಡ್ಡು ಕಟ್ಟಿದ ಮಾತ್ರಕ್ಕೆ ಅದು ಒಂದು ಟಿಕೆಟ್ ಆಗಲ್ಲ. ಒಂದೇ ಟಿಕೆಟ್‌ಗೂ ಒಂದು ಷರತ್ತಿದೆ: ಮೊದಲ ಭಾಗವನ್ನ ನೀವಾಗಿ ಬಿಟ್ಟರೆ ಉಳಿದದ್ದೂ ರದ್ದಾಗಬಹುದು.

ಎರಡನೆಯದು, ಅಮೆರಿಕದಲ್ಲಿ ಮೊದಲು ಇಳಿಯುವ ಏರ್‌ಪೋರ್ಟ್‌ನಲ್ಲೇ ಇಮಿಗ್ರೇಷನ್. ಬ್ಯಾಗನ್ನ ಡೆಮೊಯ್ನ್‌ವರೆಗೆ ಹಾಕಿದ್ದರೂ ಚಿಕಾಗೋದಲ್ಲಿ ನಾವೇ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಚಿಕಾಗೋದ ಓಹೇರ್‌ನಲ್ಲಿ ಯುರೋಪಿನ ವಿಮಾನಗಳು ಇಳಿಯೋದು 5ನೇ ಟರ್ಮಿನಲ್‌ನಲ್ಲಿ. ಒಳನಾಡಿನ ವಿಮಾನಕ್ಕೆ ಸಾಮಾನ್ಯವಾಗಿ ಅಲ್ಲಿಂದ ಸಣ್ಣ ರೈಲು ಹತ್ತಿ ಬೇರೆ ಟರ್ಮಿನಲ್‌ಗೆ ಹೋಗಿ, ಮತ್ತೊಮ್ಮೆ ಸೆಕ್ಯುರಿಟಿ ದಾಟಬೇಕು. ಅಕ್ಕನ ಬ್ಯಾಗಿನಲ್ಲಿ ಅಮೀನಗಡದ ಕರದಂಟು ಬೇರೆ ಇತ್ತು. ತಿನ್ನುವ ಸಾಮಾನು ಇದ್ರೆ ಕಸ್ಟಮ್ಸ್‌ನವರಿಗೆ ಹೇಳಬೇಕು, ಹೇಳಿದ ಮೇಲೆ ಅವರು ನೋಡಬಹುದು. ಇಷ್ಟೆಲ್ಲ 1 ಗಂಟೆ 40 ನಿಮಿಷದಲ್ಲಿ ಆಗುತ್ತೆ ಅಂತ ನಂಬಿ ನಾವು ವೋಟ್ ಹಾಕಿದ್ವಿ!

ಮೂರನೆಯದು, ಕೊನೆಯ ಕೊಂಡಿಯನ್ನ ಮೊದಲು ನೋಡಬೇಕು. ನಾವೆಲ್ಲ ದೊಡ್ಡ ವಿಮಾನ ಯಾವುದು, ಸಿನಿಮಾ ಇದೆಯಾ, ಊಟ ಏನು ಅಂತ ನೋಡ್ತೀವಿ. ಆದರೆ ಸಣ್ಣ ಊರಿಗೆ ಹೋಗುವವರ ಕಷ್ಟ ಇರೋದು ಕೊನೆಯ ಒಂದು ಗಂಟೆಯ ಸಣ್ಣ ವಿಮಾನದಲ್ಲಿ. ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ಹಿಡಿತ ಸಡಿಲವಾದ ಮೇಲೆ ದೊಡ್ಡ ಕಂಪನಿಗಳು ಒಂದೊಂದು ಊರನ್ನ ಹಬ್ ಮಾಡಿಕೊಂಡು, ಸಣ್ಣ ಊರುಗಳಿಗೆ ಅಲ್ಲಿಂದಲೇ ವಿಮಾನ ಬಿಡುವ ಪದ್ಧತಿ ಗಟ್ಟಿಯಾಯಿತು. ಹಾಗಾಗಿ ಯಾವ ಹಬ್‌ನಿಂದ ನಮ್ಮ ಊರಿಗೆ ದಿನಕ್ಕೆ ಎಷ್ಟು ವಿಮಾನ, ನಮ್ಮದು ತಪ್ಪಿದ್ರೆ ಹಿಂದೆ ಇನ್ನೊಂದು ಇದೆಯಾ ಅಂತ ನೋಡಬೇಕು. ದಿನದ ಕೊನೆಯದ್ದನ್ನ ಬುಕ್ ಮಾಡಬಾರದು. ಇದನ್ನ ನಮ್ಮೂರಲ್ಲಿ ಎಲ್ಲ ಹಿರಿಯರೂ ಹೇಳ್ತಾರೆ: ಕೊನೇ ಬಸ್ಸಿಗೆ ನಿಂದ್ರಬ್ಯಾಡ.

ಬೆಂಗಳೂರಿನಿಂದ ಹೊರಡುವವರಿಗೆ ಇನ್ನೊಂದು ಮಾತು. ದಾರಿಯಲ್ಲಿ ಯುರೋಪಿನ ಒಂದೇ ಏರ್‌ಪೋರ್ಟ್ ಇರಲಿ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಅಲ್ಲಿಂದ ಅಮೆರಿಕ ಅಂತ ಅಗ್ಗದ ಟಿಕೆಟ್ ಸಿಗಬಹುದು. ಆದರೆ ಆ ಎರಡೂ ಷೆಂಗೆನ್ ಪ್ರದೇಶದ ಒಳಗಿವೆ. ನಡುವಿನ ವಿಮಾನ ಅವರ ಲೆಕ್ಕದಲ್ಲಿ ಒಳನಾಡಿನದು, ಅಂದ್ರೆ ನೀವು ಗಡಿ ದಾಟಿ ಒಳಗೆ ಬಂದ ಹಾಗೆ, ಅದಕ್ಕೆ ಷೆಂಗೆನ್ ವೀಸಾ ಬೇಕು. ಅಮೆರಿಕದ ವೀಸಾ ಕೈಯಲ್ಲಿದ್ದರೂ ಅಲ್ಲಿ ನಡೆಯಲ್ಲ.

ಅಕ್ಕ ಎರಡನೇ ಪ್ಲ್ಯಾನ್ ತಗೊಂಡರು. ಹೊರಟ ದಿನ ಚಿಕಾಗೋ ಮೇಲೆ ಗುಡುಗು ಮಳೆ. ವಿಮಾನ ಮೇಲೆ ಸುತ್ತು ಹೊಡೆದು, ಇಳಿದು, ಬಾಗಿಲು ತೆಗೆಯೋದ್ರೊಳಗೆ ಎರಡೂವರೆ ಗಂಟೆ ತಡ. ಡೆಮೊಯ್ನ್ ವಿಮಾನ ಹೋಗಿಬಿಟ್ಟಿತ್ತು. ಆದರೆ ಫೋನ್ ಆನ್ ಮಾಡುವಾಗಲೇ ಮೆಸೇಜ್ ಬಂದಿತ್ತು: ಸಂಜೆಯ ವಿಮಾನದಲ್ಲಿ ಸೀಟು ಹಾಕಿದೆ, ಬೇರೆ ದುಡ್ಡಿಲ್ಲ. ರಾತ್ರಿ ಡೆಮೊಯ್ನ್ ಮುಟ್ಟಿ ಫೋಟೋ ಕಳಿಸಿದರು. ಮೊದಲ ಪ್ಲ್ಯಾನ್ ತಗೊಂಡಿದ್ರೆ ಆ ರಾತ್ರಿ ಏರ್‌ಪೋರ್ಟ್ ಬೆಂಚಿನ ಮೇಲೆ ಕೂತು ಉಳಿಸಿದ 140 ಯೂರೋದ ಎರಡರಷ್ಟು ಕಳೀತಿದ್ದರು.

ಇಲ್ಲಿಗೇ ಮುಗಿದಿದ್ರೆ ಇದು ಒಂದು ಟ್ರಾವೆಲ್ ಟಿಪ್ಸ್ ಲೇಖನ ಆಗ್ತಿತ್ತು. ಆದರೆ ಅದಾದ ಮೂರು ವಾರಕ್ಕೆ ನಮ್ಮ ಹುನಗುಂದದವನಿಗೆ ಬೆಂಗಳೂರಲ್ಲಿ ಇಂಟರ್ನ್‌ಶಿಪ್ ಇಂಟರ್‌ವ್ಯೂ ಬಂತು. ಬೆಳಿಗ್ಗೆ 10 ಗಂಟೆಗೆ. ಹಬ್ಬಕ್ಕೆ ಮನೆಗೆ ಹೋಗಿದ್ದವನು ಅಲ್ಲಿಂದಲೇ ಹೊರಟ. ಬಾಗಲಕೋಟೆಯಲ್ಲಿ ಸಂಜೆಯ ರೈಲಿಗೆ ರಿಸರ್ವೇಷನ್ ಮಾಡಿಸಿದ್ದ. ರೈಲಿಗೆ ಒಂದೂವರೆ ಗಂಟೆ ಮೊದಲೇ ಮುಟ್ಟುವ ಬಸ್ಸು ಹತ್ತಿದ. ಅಮೀನಗಡ ದಾಟಿದ ಮೇಲೆ ಟೈರ್ ಪಂಚರ್. ಸ್ಟೆಪ್ನಿ ಹಾಕುವಾಗ ಜ್ಯಾಕ್ ಸರಿ ನಿಲ್ಲಲಿಲ್ಲ. ಹಿಂದಿನಿಂದ ಬಂದ ಬಸ್ಸು ಫುಲ್. ಅಂತೂ ಸ್ಟೇಷನ್‌ಗೆ ಓಡಿಕೊಂಡು ಬಂದಾಗ ಪ್ಲಾಟ್‌ಫಾರ್ಮ್ ಖಾಲಿ. ರಾತ್ರಿ ಬಸ್ಸುಗಳೆಲ್ಲ ಹಬ್ಬ ಮುಗಿಸಿ ಹೊರಟವರಿಂದ ತುಂಬಿದ್ದವು. ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಸಿಕ್ಕಿದ್ದು ಹಿಡಿದು, ಬೆಂಗಳೂರು ಮುಟ್ಟಿದಾಗ ಮಧ್ಯಾಹ್ನ 12 ದಾಟಿತ್ತು. ಅವನ ಸ್ಲಾಟ್ ಮುಗಿದಿತ್ತು. ‘ಬಫರ್ ಇಟ್ಕೊಂಡು ಪ್ಲ್ಯಾನ್ ಮಾಡಬೇಕಿತ್ತು’ ಅಂದರಂತೆ, ಅಷ್ಟೇ.

ಇದರಲ್ಲಿ ಯಾರ ತಪ್ಪು? ಡ್ರೈವರ್‌ದಲ್ಲ, ಮೊಳೆ ಎಲ್ಲಿಂದ ಬಂತೋ. ರೈಲಿನದ್ದೂ ಅಲ್ಲ, ಅದು ಟೈಮಿಗೆ ಸರಿಯಾಗಿ ಹೋಯಿತು. ಚಿಕಾಗೋದ ಮಳೆಯೂ ಯಾರ ತಪ್ಪೂ ಅಲ್ಲ. ಎರಡು ಕಡೆಯೂ ಕನೆಕ್ಷನ್ ತಪ್ಪಿದ್ದು ಒಂದೇ ತರಹ. ಒಬ್ಬರಿಗೆ ಮುಂದಿನ ಸೀಟು ಸಿಕ್ಕಿತು, ಇನ್ನೊಬ್ಬನಿಗೆ ಇಂಟರ್ನ್‌ಶಿಪ್ ಹೋಯಿತು. ವ್ಯತ್ಯಾಸ ಒಂದೇ: ಅಲ್ಲಿ ನಡುವಿನ ಜಾಗಕ್ಕೆ ಒಬ್ಬರು ಜವಾಬ್ದಾರಿ ಹೊತ್ತಿದ್ದರು, ಇಲ್ಲಿ ಬಸ್ಸಿನ ಜವಾಬ್ದಾರಿ ಬಸ್ ಸ್ಟ್ಯಾಂಡ್‌ಗೆ ಮುಗಿಯುತ್ತೆ, ರೈಲಿನದ್ದು ಪ್ಲಾಟ್‌ಫಾರ್ಮ್‌ನಿಂದ ಶುರುವಾಗುತ್ತೆ, ನಡುವಿನದ್ದು ಪೂರ್ತಿ ಪ್ರಯಾಣಿಕನ ತಲೆ ಮೇಲೆ.

‘ಬೇಗ ಹೊರಡಬೇಕಪ್ಪ’ ಅಂತ ಹೇಳೋದು ಸುಲಭ. ಹಿಂದಿನ ದಿನವೇ ಹೋಗಿ ಕೂತರೆ ಯಾವ ಕನೆಕ್ಷನ್ನೂ ತಪ್ಪಲ್ಲ. ಆದರೆ ಬಫರ್ ಪುಕ್ಕಟೆ ಅಲ್ಲ. ಬೆಂಗಳೂರಲ್ಲೇ ಇರುವವನು ಆ ಇಂಟರ್‌ವ್ಯೂಗೆ ಒಂದು ಗಂಟೆ ಬಫರ್ ಕೊಟ್ಟರೆ ಸಾಕು. ನವನಗರದವನಿಗೆ ಸಂಜೆಯ ರೈಲು ಸಾಕು. ಹುನಗುಂದದವನು, ಇಳಕಲ್‌ನವನು ಮಾತ್ರ ಒಂದು ದಿನ, ಒಂದು ರಾತ್ರಿಯ ಲಾಡ್ಜು, ಎರಡು ಊಟ ಕೊಡಬೇಕು. ಅಂದ್ರೆ ಊರು ಸಣ್ಣದಾದಷ್ಟೂ ದಂಡ ಜಾಸ್ತಿ. ಬಾದಾಮಿಯವನು ಇನ್ನೊಂದು ಮಾತು ಸೇರಿಸಿದ: ರಾತ್ರಿ ರೈಲು ತಡವಾಗಿ ಬಂದು ಊರಿಗೆ ಬಸ್ಸಿಲ್ಲ ಅಂದ್ರೆ ನಾವು ಹುಡುಗರು 5 ಕಿ.ಮೀ. ಹರಟೆ ಹೊಡೀತಾ ನಡೆದುಬಿಡ್ತೀವಿ, ನಮ್ಮ ಕ್ಲಾಸಿನ ಹುಡುಗಿಯರು ಏನು ಮಾಡಬೇಕು? ಆ ಒಂದು ಕೊಂಡಿ ಇಲ್ಲದ್ದಕ್ಕೆ ಮನೆಯವರು ಪೂರ್ತಿ ಪ್ರಯಾಣವನ್ನೇ ಬೇಡ ಅನ್ನೋದುಂಟು.

ಎಂಜಿನಿಯರಿಂಗ್ ಓದ್ತಿದ್ದೀವಲ್ಲ, ಒಂದು ಲೆಕ್ಕ. ಒಂದರ ಹಿಂದೆ ಒಂದು ಮೂರು ಕೊಂಡಿ ಇವೆ, ಒಂದೊಂದೂ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ನಡೆಯುತ್ತೆ ಅಂತ ಇಟ್ಟುಕೊಳ್ಳಿ. ಪೂರ್ತಿ ಪ್ರಯಾಣ ಸರಿಯಾಗಿ ನಡೆಯುವ ಸಾಧ್ಯತೆ 0.9 × 0.9 × 0.9, ಅಂದ್ರೆ 0.729. ನಾಲ್ಕರಲ್ಲಿ ಒಂದು ಸಲಕ್ಕಿಂತ ಹೆಚ್ಚು ಎಲ್ಲೋ ಕೈಕೊಡುತ್ತೆ. ಇದು ಸೀರೀಸ್. ಈಗ ಒಂದು ಕೊಂಡಿಗೆ ಪಕ್ಕದಲ್ಲಿ ಇನ್ನೊಂದು ದಾರಿ ಇಟ್ಟರೆ ಆ ಕೊಂಡಿ 0.99 ಆಗುತ್ತೆ. ಇದು ಪ್ಯಾರಲಲ್. ಏರ್‌ಲೈನ್‌ಗಳು ಮಾಡೋದು ಇಷ್ಟೇ, ತಪ್ಪಿದವರಿಗೆ ಪಕ್ಕದ ದಾರಿ ತೋರಿಸುತ್ತವೆ. ಎಲ್ಲ ಬಸ್ಸೂ ಎಲ್ಲ ರೈಲೂ ಟೈಮಿಗೆ ಬರಲಿ ಅಂತ ನಾವು ಕೇಳ್ತಿಲ್ಲ. ಜರ್ಮನಿಯ ರೈಲು ಗಡಿಯಾರದ ಹಾಗೆ ಓಡುತ್ತವೆ ಅಂತ ನಾವೂ ಅಂದುಕೊಂಡಿದ್ವಿ. 2024ರಲ್ಲಿ ಅಲ್ಲಿ ದೂರ ಹೋಗುವ ರೈಲುಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ತಡವಾಗಿದ್ದವು. ಆದರೂ ಕೊಲೋನ್‌ನಿಂದ ಫ್ರಾಂಕ್‌ಫರ್ಟ್ ಏರ್‌ಪೋರ್ಟಿಗೆ ಹೋಗುವ ರೈಲನ್ನ ವಿಮಾನದ ಟಿಕೆಟ್‌ನಲ್ಲೇ ಸೇರಿಸಿ ಮಾರುತ್ತಾರೆ, ರೈಲಿಗೂ ಒಂದು ಫ್ಲೈಟ್ ನಂಬರ್ ಇರುತ್ತೆ. ರೈಲು ತಡವಾಗಿ ವಿಮಾನ ತಪ್ಪಿದರೆ ಮುಂದಿನ ವಿಮಾನ ಕೊಡ್ತಾರೆ. ಅಮೆರಿಕದಲ್ಲಂತೂ ಡೆನ್ವರ್ ಏರ್‌ಪೋರ್ಟಿನಿಂದ ಫೋರ್ಟ್ ಕಾಲಿನ್ಸ್ ಎಂಬ ಊರಿಗೆ ಬಸ್ಸನ್ನೇ ವಿಮಾನದ ಟಿಕೆಟ್‌ನಲ್ಲಿ ಕೊಟ್ಟಿದ್ದಾರೆ. ಬಸ್ಸು ಅಂತ ಕೀಳು ಮಾಡಿಲ್ಲ.

‘ಅವೆಲ್ಲ ಅಲ್ಲಿ, ಇಲ್ಲಿ ಎಲ್ಲಿ ನಡೀತೈತಿ’ ಅನ್ನಬೇಡಿ. ನಮ್ಮ ರೈಲ್ವೆಯಲ್ಲಿ ಹಿಂದೆ ಔಟ್ ಏಜೆನ್ಸಿ ಅಂತ ಇದ್ದವು. ರೈಲಿಲ್ಲದ ಊರಿನಲ್ಲೇ ರೈಲಿನ ಬುಕಿಂಗ್ ಮಾಡಿಸಿ, ಸ್ಟೇಷನ್‌ವರೆಗಿನ ರಸ್ತೆ ಪ್ರಯಾಣವನ್ನೂ ಅದರಲ್ಲೇ ಸೇರಿಸುವ ವ್ಯವಸ್ಥೆ ಅದು. ಈಗ ಕೂಡ, 2019ರ ಏಪ್ರಿಲ್‌ನಿಂದ, ಎರಡು ರೈಲುಗಳ ಪಿಎನ್‌ಆರ್ ಜೋಡಿಸಬಹುದು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯದರ ದುಡ್ಡು ವಾಪಸ್. ಅಂದ್ರೆ ತತ್ವವನ್ನ ಆಗಲೇ ಒಪ್ಪಿದ್ದಾರೆ. ಅದು ರೈಲಿನಿಂದ ರೈಲಿಗೆ ನಿಂತಿದೆ, ಬಸ್ಸಿನವರೆಗೆ ಬಂದಿಲ್ಲ, ಅಷ್ಟೇ.

ಹಾಗಾದ್ರೆ ನಾವು ಏನು ಕೇಳ್ತೀವಿ? ದೊಡ್ಡದೇನಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿದೆ, ನೈರುತ್ಯ ರೈಲ್ವೆಯದ್ದೂ ಅಲ್ಲೇ. ಒಂದೇ ಊರಿನವರು ಒಂದು ಟೇಬಲ್‌ಗೆ ಕೂತು ಎರಡು ದಾರಿಯಲ್ಲಿ ಮಾತ್ರ ಮೊದಲು ಮಾಡಿ ನೋಡಲಿ. ಒಂದು, ಇಳಕಲ್–ಹುನಗುಂದ–ಬಾಗಲಕೋಟೆ ಬಸ್ಸಿನಿಂದ ಸಂಜೆಯ ರೈಲಿಗೆ. ಇನ್ನೊಂದು, ರಾತ್ರಿಯ ರೈಲಿನಿಂದ ಬಾದಾಮಿ ಊರಿಗೆ. ಬಸ್ಸು ಮತ್ತು ರೈಲು ಎರಡರ ಟೈಮನ್ನೂ ಒಂದೇ ಬೋರ್ಡಿನ ಮೇಲೆ ಬರೆಯಲಿ. ರೈಲಿಗೆ ಜೋಡಿಸಿದ ಆ ಒಂದು ಬಸ್ಸಿನಲ್ಲಿ ಬಂದವರಿಗೆ ರೈಲು ತಪ್ಪಿದರೆ ಟಿಕೆಟ್ ದುಡ್ಡು ವಾಪಸ್ ಸಿಗಲಿ, ಮುಂದಿನ ಬಸ್ಸಿನಲ್ಲೋ ರೈಲಿನಲ್ಲೋ ಒಂದು ಜಾಗ ಸಿಗಲಿ. ರೈಲು ತಡವಾದ್ರೆ ಬಾದಾಮಿಯ ಕೊನೇ ಬಸ್ಸು ಸ್ವಲ್ಪ ಹೊತ್ತು ಕಾಯಲಿ. ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ರೈಲು ಬಂದಿದೆ, ಇಳಕಲ್‌ಗೆ ಅದು ದೂರ ಏನಲ್ಲ. ಅಲ್ಲಿ ಎಲ್ಲ ಹೊಸದು, ಬಸ್ಸು ರೈಲಿನ ಟೈಮಿಗೆ ಕೂಡಿಸೋಕೆ ಇದೇ ಹೊತ್ತು.

ಇದಕ್ಕೆ ನಮ್ಮ ರೂಮಿನಲ್ಲೇ ವಿರೋಧ ಬಂತು. ನವನಗರದವನು ಕೇಳಿದ: ‘ಇಬ್ಬರ ಸಲುವಾಗಿ ಬಸ್ಸು ಕಾದ್ರ ಅದರಾಗ ಕುಂತ ನಲವತ್ತು ಮಂದಿದು ಏನ್ ಗತಿ?’ ಸರಿಯಾದ ಪ್ರಶ್ನೆ. ಅದಕ್ಕೇ ಎಲ್ಲ ಬಸ್ಸೂ ಕಾಯಲಿ ಅಂತ ನಾವು ಹೇಳಲ್ಲ. ಹಿಂದೆ ಇನ್ನೊಂದು ಬಸ್ಸು ಇದ್ರೆ ಕಾಯೋದು ಬೇಡ. ಕೊನೆಯದು ಮಾತ್ರ ಕಾಯಲಿ, ಅದಕ್ಕೂ ಒಂದು ಮಿತಿ ಇರಲಿ, 20 ನಿಮಿಷ ಅಂತಲೇ ಇಟ್ಟುಕೊಳ್ಳಿ. ಆ ಮಿತಿಯನ್ನ ಬೋರ್ಡಿನ ಮೇಲೆ ಬರೆದಿರಲಿ. ಕಾಯುತ್ತಾ ಇಲ್ಲವಾ ಅಂತ ಗೊತ್ತಿದ್ದರೇ ಅರ್ಧ ಚಿಂತೆ ಕಡಿಮೆ. ಅವನು ಪೂರ್ತಿ ಒಪ್ಪಿಲ್ಲ, 10 ನಿಮಿಷ ಸಾಕು ಅಂತಾನೆ. ಲೆಕ್ಕ ಮಾಡಿ ನೋಡೋಣ ಅಂದಿದ್ದೀವಿ.

ಲೆಕ್ಕ ಮಾಡೋದು ನಮ್ಮ ಕೈಯಲ್ಲೇ ಇದೆ. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಸಿಗ್ತಿಲ್ಲ ಅಂತ ಓಡಾಡುವವರೇ, ಕೇಳಿ. ಒಂದು ತಿಂಗಳು, ಇಳಕಲ್, ಹುನಗುಂದ, ಬಾದಾಮಿ ಕಡೆಯಿಂದ ಬರುವ ನಮ್ಮವರೇ ಬಸ್ಸು ಬಿಟ್ಟ ಟೈಮು, ಮುಟ್ಟಿದ ಟೈಮು, ರೈಲಿನ ಟೈಮು ಬರೆದಿಟ್ಟರೆ ಯಾವ ಕೊಂಡಿ ಎಷ್ಟು ಸಲ ಬಿಚ್ಚುತ್ತೆ ಅಂತ ಗೊತ್ತಾಗುತ್ತೆ. ಬರೀ ಅರ್ಜಿ ಕೊಟ್ಟರೆ ಫೈಲ್ ಆಗುತ್ತೆ, ಅಂಕಿ ಹಿಡಿದುಕೊಂಡು ಹೋದರೆ ಮಾತು ನಡೆಯುತ್ತೆ. ನಾವು ನಾಲ್ವರು ಈ ತಿಂಗಳು ಶುರು ಮಾಡ್ತಿದ್ದೀವಿ. ಕನ್ನಡ ಸಂಘದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಹಚ್ಚಿರ್ತೀವಿ, ಶನಿವಾರ ಊರಿಗೆ ಹೋಗಿ ಬಂದವರು ಸೋಮವಾರ ಒಂದು ಸಾಲು ತುಂಬಿದ್ರೆ ಸಾಕು.

ಇನ್ನು ಎಂಎಸ್‌ಗೆ ಹೊರಟಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ: ಟಿಕೆಟ್ ಬುಕ್ ಮಾಡುವ ಮೊದಲು ರೇಟು ನೋಡಿ, ಟೈಮು ನೋಡಿ, ಆಮೇಲೆ ಇಳಕಲ್‌ನ ಆ ಅವ್ವ ಕೇಳಿದ ಪ್ರಶ್ನೆಯನ್ನೂ ಒಮ್ಮೆ ಕೇಳಿಕೊಳ್ಳಿ. ಉತ್ತರ ‘ನಾನೇ’ ಅಂತ ಬಂದ್ರೆ ಆ ಅಗ್ಗದ ಟಿಕೆಟ್ ಅಗ್ಗದ್ದಲ್ಲ.

ಹುನಗುಂದದವನು ಮತ್ತೆ ಅರ್ಜಿ ಹಾಕಿದ್ದಾನೆ. ಈ ಸಲ ಇಂಟರ್‌ವ್ಯೂ ಬಂದ್ರೆ ಹಿಂದಿನ ದಿನವೇ ನಮ್ಮ ರೂಮಿಗೆ ಬಂದು ಮಲಗ್ತಾನಂತೆ. ಅವನಿಗೆ ರೂಮಿದೆ, ನಾವಿದ್ದೀವಿ. ಇಲ್ಲಿ ಗುರುತಿಲ್ಲದವರು ಎಲ್ಲಿ ಮಲಗಬೇಕು?